ಹೊಟ್ಟೆ ಕಿರಿದಾಯಿತು, ಬಾಯಿ ಚಪಲ ಮಾತ್ರ ಹಾಗೆಯೇ ಇದೆ: ಏನು ಮಾಡಲಿ?

ಪ್ರಶ್ನೆ: ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ, ಊರು ದಾವಣಗೆರೆ. ತೂಕ ಇಳಿಸಲೆಂದು, ಜಠರದ ಬಹುಭಾಗವನ್ನು ತೆಗೆದು ಕಿರಿದಾಗಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹದಿನಾಲ್ಕು ತಿಂಗಳಾಯಿತು. ಆಗ 112 ಕಿಲೊ ಇದ್ದವಳು 79ಕ್ಕೆ ಇಳಿದಿದ್ದೇನೆ, ಸಕ್ಕರೆ ಕಾಯಿಲೆಗೆ ನುಂಗುತ್ತಿದ್ದ ಮೂರು ಬಗೆಯ ಮಾತ್ರೆಗಳಲ್ಲಿ ಈಗ ಒಂದೇ ಉಳಿದಿದೆ, ಮೊಣಕಾಲು ಹಿಡಿದುಕೊಳ್ಳದೆ ಮಹಡಿ ಹತ್ತುತ್ತೇನೆ. ಹಾಗಾಗಿ ಇದನ್ನು ಶಸ್ತ್ರಚಿಕಿತ್ಸೆಯ ಮೇಲಿನ ದೂರೆಂದು ಯಾರೂ ತಿಳಿಯಬೇಡಿ.

ತೊಂದರೆ ಇರುವುದು ಸಂಜೆ ಐದು ಗಂಟೆಯ ಹೊತ್ತಿನಲ್ಲಿ. ಮೊದಲ ಏಳೆಂಟು ತಿಂಗಳು ನನಗೆ ಊಟದ ನೆನಪೇ ಆಗುತ್ತಿರಲಿಲ್ಲ, ಗಡಿಯಾರ ನೋಡಿಕೊಂಡು ತಿನ್ನಬೇಕಾಗಿತ್ತು. ಈಗ ಎರಡು ತಿಂಗಳಿಂದ, ಕಚೇರಿ ಮುಗಿಸಿ ಬರುವ ದಾರಿಯಲ್ಲಿ ಮಿರ್ಚಿ ಕರಿಯುವ ವಾಸನೆ ಮೂಗಿಗೆ ಬಿದ್ದರೆ ಸಾಕು, ಕಾಲು ತಾನಾಗಿ ನಿಂತುಬಿಡುತ್ತದೆ, ಒಮ್ಮೊಮ್ಮೆ ಕೈ ನಡುಗಿದಂತೆಯೂ ಆಗುತ್ತದೆ. ಮಧ್ಯಾಹ್ನ ಒಂದು ಇಡ್ಲಿ, ಅರ್ಧ ಬಟ್ಟಲು ಬೇಳೆ ತಿನ್ನುವಷ್ಟರಲ್ಲಿ ಎದೆಯ ಹತ್ತಿರ ಒತ್ತಿದಂತಾಗಿ ತಟ್ಟೆ ಸರಿಸುವ ನನಗೆ, ಖಾರ ಮಂಡಕ್ಕಿ ಮಾತ್ರ ಎಷ್ಟು ತಿಂದರೂ ಅಡ್ಡಿಯಿಲ್ಲದೆ ಇಳಿಯುತ್ತದೆ. ಮೊನ್ನೆ ಟಿ.ವಿ. ಮುಂದೆ ಕುಳಿತಿದ್ದಾಗ, ಬೆರಳು ಪೊಟ್ಟಣದ ತಳದ ಎಣ್ಣೆಗಾಗದಕ್ಕೆ ತಾಗಿದ ಮೇಲೆಯೇ ಅದು ಖಾಲಿಯಾಗಿದೆಯೆಂದು ನನಗೆ ತಿಳಿದದ್ದು. ತೂಕ ಒಂದೂವರೆ ಕಿಲೊ ಏರಿದೆ. “ಅಷ್ಟು ದುಡ್ಡು ಸುರಿದು ಹೊಟ್ಟೆ ಕೊಯ್ಸಿಕೊಂಡರೂ ಬಾಯಿ ಕಟ್ಟೋಕಾಗಲಿಲ್ವಾ” ಎಂದು ಅತ್ತೆಯವರು ಕೇಳಿದ ಮೇಲೆ ಮನೆಯಲ್ಲಿ ಎಲ್ಲರೆದುರು ತಿನ್ನುವುದಕ್ಕೇ ಸಂಕೋಚವಾಗುತ್ತಿದೆ.

ಹೊಟ್ಟೆ ಮತ್ತೆ ಹಿಗ್ಗಿತೇ? ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ, ಹೇಗೆ ನಿಭಾಯಿಸಿದಿರಿ?

ಉತ್ತರ 1: ಹೆಸರುಬೇಳೆ (ಆಹಾರತಜ್ಞೆ, ಮೈಸೂರು)

ನಮಸ್ಕಾರ ಮೇಡಂ. ನಿಮ್ಮ ಹೊಟ್ಟೆ ಹಿಗ್ಗಿದ್ದರೆ ಇಡ್ಲಿ-ಬೇಳೆಯೂ ಸಲೀಸಾಗಿ ಇಳಿಯಬೇಕಾಗಿತ್ತಲ್ಲವೇ? ಒಂದೇ ಇಡ್ಲಿಗೆ ಒತ್ತಿದಂತಾಗುತ್ತದೆ ಎಂದರೆ, ನೀವು ಬರೆದದ್ದನ್ನು ನೋಡಿದ ಮಟ್ಟಿಗೆ, ಸ್ಲೀವ್ ತನ್ನ ಕೆಲಸ ಮಾಡುತ್ತಿದೆ. ಮಂಡಕ್ಕಿಯ ವಿಷಯವೇ ಬೇರೆ. ಅದು ಬಾಯಿಯ ಎಂಜಲಿನಲ್ಲೇ ಕರಗಿ ಹಿಟ್ಟಾಗಿ ಜಾರಿ ಹೋಗುತ್ತದೆ, ಹೊಟ್ಟೆಯಲ್ಲಿ ನಿಂತು ತುಂಬಿದ ಅನುಭವ ಕೊಡುವುದೇ ಇಲ್ಲ. ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್, ಚಹಾದಲ್ಲಿ ಅದ್ದಿದ ರಸ್ಕು ಇವೆಲ್ಲ ಅದೇ ಜಾತಿಯವು. ಶಸ್ತ್ರಚಿಕಿತ್ಸೆ ಗಟ್ಟಿ ಆಹಾರಕ್ಕೆ ಹಾಕಿದ ಬೇಲಿಯನ್ನು ಇವು ಸಂದಿಯಲ್ಲಿ ನುಸುಳಿ ದಾಟುತ್ತವೆ.

ಹಸಿವು ಮೊದಲು ಮಾಯವಾಗಿ ಈಗ ಮರಳಿದ್ದಕ್ಕೂ ಕಾರಣವಿದೆ. ಸ್ಲೀವ್‌ನಲ್ಲಿ ಜಠರದ ಸುಮಾರು 75ರಿಂದ 80 ಶೇಕಡಾ ಭಾಗವನ್ನು ತೆಗೆಯುತ್ತಾರೆ, ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಅದರಲ್ಲಿ ಸೇರಿರುತ್ತದೆ. ಆರಂಭದ ತಿಂಗಳುಗಳ ಆ ನೆಮ್ಮದಿಗೆ ಇದು ದೊಡ್ಡ ಕಾರಣ. ಆದರೆ ದೇಹ ಹೊಸ ಸ್ಥಿತಿಗೆ ಒಗ್ಗಿಕೊಂಡಂತೆ, ವರ್ಷದ ಆಸುಪಾಸಿನಲ್ಲಿ, ಹಸಿವು ಹಲವರಿಗೆ ಮರಳುತ್ತದೆ. ಇದು ನಿಮ್ಮ ಸೋಲಲ್ಲ.

ಈಗ ಲೆಕ್ಕಕ್ಕೆ ಬರೋಣ. ಈ ಚಿಕಿತ್ಸೆಯಾದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕೆಂದು ಸಾಮಾನ್ಯವಾಗಿ ಹೇಳುತ್ತೇವೆ. ಒಂದು ಇಡ್ಲಿಯಲ್ಲಿ ಸುಮಾರು 2 ಗ್ರಾಂ, ಅರ್ಧ ಬಟ್ಟಲು ಬೆಂದ ಬೇಳೆಯಲ್ಲಿ ನಾಲ್ಕೈದು ಗ್ರಾಂ ಇರುತ್ತದೆ. ತಿಳಿಸಾರಿನಂತೆ ನೀರಾಗಿದ್ದರೆ ಅದೂ ಇಲ್ಲ. ಅಷ್ಟರ ಮೇಲೆ ಒಂದು ಗಂಟೆಯಿಂದ ಐದರವರೆಗೆ ಏನೂ ಇಲ್ಲದಿದ್ದರೆ, ಮಿರ್ಚಿಯ ವಾಸನೆಗೆ ಕಾಲು ನಿಲ್ಲದೆ ಇನ್ನೇನಾದೀತು? ತಟ್ಟೆಯಲ್ಲಿ ಪ್ರೋಟೀನನ್ನೇ ಮೊದಲು ತಿನ್ನಿ, ಇಡ್ಲಿಗೆ ಜಾಗ ಉಳಿದರೆ ಆಮೇಲೆ. 100 ಗ್ರಾಂ ಪನ್ನೀರಿನಲ್ಲಿ ಸುಮಾರು 18 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ. ಊಟದ ಜೊತೆಗೆ ನೀರು ಕುಡಿಯದೆ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ನಾಲ್ಕು ಗಂಟೆಗೆ ಕಚೇರಿಯಲ್ಲೇ ಒಂದಿಷ್ಟು ಪನ್ನೀರೋ ಗಟ್ಟಿ ಮೊಸರೋ ಹೊಟ್ಟೆಗೆ ಬೀಳಲಿ.

ಕೈ ನಡುಗುತ್ತದೆ ಎಂದು ನೀವು ಹಾದಿಬದಿಯ ಮಾತಿನಂತೆ ಬರೆದದ್ದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ತೂಕ ಇಷ್ಟು ಇಳಿದ ಮೇಲೂ ಹಳೆಯ ಪ್ರಮಾಣದಲ್ಲೇ ಮಾತ್ರೆ ಮುಂದುವರಿದರೆ ಕೆಲವು ಬಗೆಯ ಮಾತ್ರೆಗಳಿಂದ ರಕ್ತದ ಸಕ್ಕರೆ ತೀರಾ ಇಳಿಯಬಹುದು. ಐದು ಗಂಟೆಗೆ ಹಾಗಾದಾಗ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಿ. 70ಕ್ಕಿಂತ ಕೆಳಗಿದ್ದರೆ ಅದನ್ನು ಬಾಯಿ ಚಪಲ ಎನ್ನಲಾಗದು. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ವೈದ್ಯರಿಗೆ ಅಂದೇ ತಿಳಿಸಿ. ಹಾಗೆಯೇ ಕಬ್ಬಿಣದ ಅಂಶ ಮತ್ತು ಬಿ12 ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತೆಂದು ನೆನಪಿಸಿಕೊಳ್ಳಿ. ಕಬ್ಬಿಣ ಕಡಿಮೆಯಾದವರಲ್ಲಿ ಹಸಿ ಅಕ್ಕಿ, ಮಂಜುಗಡ್ಡೆ, ಸೀಮೆಸುಣ್ಣಕ್ಕೂ ಬಾಯಿ ಹಾತೊರೆಯುವುದುಂಟು.

ಉತ್ತರ 2: ತುಂಗಾತೀರ

ಮೇಡಂ, ನಾನು ಶಿವಮೊಗ್ಗದವನು, ನನಗಾದದ್ದು ಗ್ಯಾಸ್ಟ್ರಿಕ್ ಬೈಪಾಸ್ (ಜಠರವನ್ನು ಚಿಕ್ಕದಾಗಿಸಿ ನೇರವಾಗಿ ಸಣ್ಣಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ), ಐದು ವರ್ಷವಾಯಿತು. ಮೊದಲ ಯುಗಾದಿಗೆ ಒಂದು ಹೋಳಿಗೆ ತಿಂದೆ, ತುಪ್ಪ ಹಾಕಿಸಿಕೊಂಡೇ ತಿಂದೆ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಎದೆ ಡವಗುಟ್ಟಿ, ಬನಿಯನ್ನು ಬೆವರಿನಲ್ಲಿ ತೊಯ್ದು, ಹೊಟ್ಟೆ ನುಲಿದು, ನೆಂಟರೆಲ್ಲ ಪಂಕ್ತಿಯಲ್ಲಿರುವಾಗಲೇ ಒಳಕೋಣೆಯ ಚಾಪೆಯ ಮೇಲೆ ಮಲಗಿಬಿಟ್ಟೆ. ಸಿಹಿ ನೇರವಾಗಿ ಸಣ್ಣಕರುಳಿಗೆ ಸುರಿದಾಗ ಆಗುವ ಇದನ್ನು ಡಂಪಿಂಗ್ ಎನ್ನುತ್ತಾರೆ, ಬೈಪಾಸ್ ಆದವರಿಗೆ ಹೆಚ್ಚು.

ಆ ಹೆದರಿಕೆಯೇ ಎರಡು ವರ್ಷ ನನ್ನನ್ನು ಕಾಯಿತು. ಆಮೇಲೆ, ಕಳ್ಳನಿಗೆ ದಾರಿ ಹೇಳಿಕೊಡಬೇಕೇ, ಚೂರುಚೂರಾಗಿ ಗಂಟೆಗಟ್ಟಲೆ ತಿಂದರೆ ಏನೂ ಆಗುವುದಿಲ್ಲ ಎಂದು ನಾನೇ ಕಂಡುಕೊಂಡೆ. ಒಂಬತ್ತು ಕಿಲೊ ವಾಪಸು ಬಂತು. ಆದ್ದರಿಂದ ಹೆದರಿಕೆಯನ್ನಾಗಲಿ, ಹೊಟ್ಟೆಯ ಗಾತ್ರವನ್ನಾಗಲಿ ನಂಬಿ ಕೂರಬೇಡಿ. ನನಗೆ ಉಪಯೋಗಕ್ಕೆ ಬಂದದ್ದು ಒಂದೇ ನಿಯಮ: ಏನೇ ತಿಂದರೂ ತಟ್ಟೆಗೆ ಹಾಕಿಕೊಂಡು, ಕುಳಿತು, ಟಿ.ವಿ. ಆರಿಸಿ ತಿನ್ನುವುದು. ಪೊಟ್ಟಣಕ್ಕೆ ಕೈ ಹಾಕುವುದಿಲ್ಲ. ಕೇಳಲು ಸಣ್ಣದೆನಿಸುತ್ತದೆ, ಮಾಡಿ ನೋಡಿ.

ಇನ್ನೊಂದು ಮಾತು ಹೇಳಲು ನಾಚಿಕೆಯಾದರೂ ಹೇಳುತ್ತೇನೆ. ತಿನ್ನುವುದು ತಪ್ಪಿದ ಮೇಲೆ ನನ್ನ ಸಂಜೆಗಳು ಕುಡಿತದ ಕಡೆಗೆ ವಾಲಿದವು. ಬೈಪಾಸ್ ಆದ ಮೇಲೆ ಮದ್ಯ ಬಲು ಬೇಗ ರಕ್ತಕ್ಕೆ ಸೇರುತ್ತದೆ, ಮೊದಲು ಮೂರು ಪೆಗ್ಗಿಗೆ ಏರುತ್ತಿದ್ದದ್ದು ಒಂದಕ್ಕೇ ಏರುತ್ತಿತ್ತು. ಮನೋವೈದ್ಯರ ಹತ್ತಿರ ಹೋಗಿ ಬಿಡಿಸಿಕೊಂಡೆ. ಒಂದು ಚಟದ ಜಾಗಕ್ಕೆ ಇನ್ನೊಂದು ಬಂದು ಕೂರುವುದನ್ನು ಇದನ್ನು ಓದುತ್ತಿರುವ ಬೇರೆಯವರಾದರೂ ಗಮನಿಸಲಿ.

ಉತ್ತರ 3: ಗಿರ್ಮಿಟ್ (ಹುಬ್ಬಳ್ಳಿ)

ಅಕ್ಕಾ, ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಆದರೆ ಮಂಡಕ್ಕಿಯನ್ನು ಪೂರ್ತಿ ಬಿಡಿ ಎಂದು ಯಾರಾದರೂ ಹೇಳಿದರೆ ಅದನ್ನು ಮಾತ್ರ ಕೇಳಬೇಡಿ. ಸ್ಲೀವ್ ಆದ ಮೊದಲ ವರ್ಷ ನಾನು ಗಿರ್ಮಿಟ್ ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದೆ. ಆಣೆ ಮುರಿದ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮೂವರ ಪಾಲು ತಿಂದು ವಾಂತಿ ಮಾಡಿಕೊಂಡೆ. ಈಗ ಶನಿವಾರ ನಾನೇ ಕಲೆಸುತ್ತೇನೆ: ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು ಎರಡು ಪಾಲು, ಮಂಡಕ್ಕಿ ಒಂದು ಪಾಲು, ಹುಣಸೆ-ಬೆಲ್ಲದ ಗೊಜ್ಜು ಅರ್ಧ ಚಮಚ, ಮೇಲೆ ಹಸಿ ಈರುಳ್ಳಿ. ಕಾಳು ಇರುವುದರಿಂದ ಅಗಿಯಲೇಬೇಕು, ಚಹಾದ ಬಟ್ಟಲಿನಷ್ಟು ತಿನ್ನುವಷ್ಟರಲ್ಲಿ ಸಾಕೆನಿಸುತ್ತದೆ.

ನಿಮ್ಮ ಐದು ಗಂಟೆಯಲ್ಲಿ ಹಸಿವಿನ ಜೊತೆ ಇನ್ನೊಂದೂ ಇರಬಹುದೆಂದು ನನಗನ್ನಿಸುತ್ತದೆ. ಕಚೇರಿ ಮುಗಿದು ಮನೆಯ ಒಲೆ ಹತ್ತುವ ನಡುವೆ ನಮ್ಮದೆನ್ನುವ ಹೊತ್ತು ಅದೊಂದೇ ಇರುತ್ತದೆ, ಮಿರ್ಚಿ ಅಂಗಡಿಯ ಮುಂದೆ ನಿಂತಾಗ ಯಾರೂ ನಮ್ಮನ್ನು ಏನೂ ಕೇಳುವುದಿಲ್ಲ. ಆ ಹೊತ್ತನ್ನು ಬಿಟ್ಟುಕೊಡಬೇಡಿ, ಬೇಕಾದರೆ ಗೆಳತಿಯೊಬ್ಬರ ಜೊತೆ ಎರಡು ಸುತ್ತು ನಡೆಯಿರಿ. ಅತ್ತೆಯವರ ಮಾತಿಗೆ ಅಡಗಿ ತಿನ್ನಲು ಶುರು ಮಾಡಿದರೆ ಮಾತ್ರ ಕಷ್ಟ ದೊಡ್ಡದಾಗುತ್ತದೆ. ಅಡಗಿ ತಿನ್ನುವುದು, ನಿಲ್ಲಿಸಲಾಗದೆ ತಿನ್ನುವುದು ವಾರದಲ್ಲಿ ಮತ್ತೆ ಮತ್ತೆ ಆಗುತ್ತಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ನಾನು ಕಂಡಿದ್ದೇನೆ.

ಮರು ಬರಹ: ಬೆಣ್ಣೆನಗರಿ

ಮೂವರಿಗೂ ಕೃತಜ್ಞತೆಗಳು. ಹೆಸರುಬೇಳೆ ಮೇಡಂ ಹೇಳಿದಂತೆ ಮೂರು ಸಂಜೆ ಪರೀಕ್ಷಿಸಿಕೊಂಡೆ, ಎರಡು ದಿನ 64 ಮತ್ತು 67 ಬಂತು. ವೈದ್ಯರು ಆ ಮಾತ್ರೆಯನ್ನು ನಿಲ್ಲಿಸಿ, ವಾರಕ್ಕೆರಡು ಬಾರಿ ಸಕ್ಕರೆ ನೋಡಿಕೊಳ್ಳಲು ಹೇಳಿದ್ದಾರೆ. ನಾಲ್ಕು ಗಂಟೆಗೆ ಡಬ್ಬಿಯಲ್ಲಿ ಪನ್ನೀರು ಒಯ್ಯುತ್ತಿದ್ದೇನೆ, ಕೈ ನಡುಕ ನಿಂತಿದೆ. ಮಿರ್ಚಿಯ ವಾಸನೆಗೆ ಮಾತ್ರ ಕಾಲು ಇನ್ನೂ ನಿಲ್ಲುತ್ತದೆ. ನಿನ್ನೆ ಒಂದನ್ನು ಕಟ್ಟಿಸಿಕೊಂಡು ಹೋಗಿ, ತಟ್ಟೆಯಲ್ಲಿಟ್ಟು ಅತ್ತೆಯವರ ಎದುರಿಗೇ ಕುಳಿತು ಅರ್ಧ ತಿಂದೆ. ಉಳಿದರ್ಧವನ್ನು ಅವರೇ ತೆಗೆದುಕೊಂಡು, ಉಪ್ಪು ಜಾಸ್ತಿಯಾಗಿದೆ ಎಂದರು.