ಮೀಟರ್ ಬಾಕ್ಸಿನ ಮೇಲಿನ ಕೀಲಿಕೈ

ನಮ್ಮ ಗುಂಪಿನಲ್ಲಿ ಒಬ್ಬನಿಗೆ ಓನರ್ ಎಂದೇ ಹೆಸರು. ಅವನಿಗಿರುವುದು ಒಂದೇ ಒಂದು ಬಾಡಿಗೆ ಮನೆ. ಮಾತು ಮಾತ್ರ ಹತ್ತು ಮಹಡಿಯದು. ಮೊನ್ನೆ ಸಂಜೆ ಅವನು ಬಂದ ರಭಸ ನೋಡಿದರೆ ಯಾರಿಗೋ ಗ್ರಹಚಾರ ಕಾದಿದೆ ಅನ್ನಿಸಿತು.

"ಓಡಿಹೋದ!" ಎಂದ.

"ಯಾರು, ಮಗನಾ?" ಮೇಷ್ಟ್ರು ಗಾಬರಿಯಾದರು.

"ಬಾಡಿಗೆಯವನು ಮೇಷ್ಟ್ರೇ! ಎರಡು ವರ್ಷಕ್ಕೆ ಕರಾರು. ಏಳೇ ತಿಂಗಳಿಗೆ ಗಂಟುಮೂಟೆ ಕಟ್ಟಿದ. 'ಕೀ ಮೀಟರ್ ಬಾಕ್ಸಿನ ಮೇಲಿದೆ, ಕ್ಷಮಿಸಿ' ಅಂತ ಒಂದು ಮೆಸೇಜು, ಅಷ್ಟೆ. ಇನ್ನೂ 17 ತಿಂಗಳಿದೆ. ಒಂದು ದಿನದ ಬಾಡಿಗೆಯನ್ನೂ ಬಿಡುವುದಿಲ್ಲ."

ನಾನು ಹುಟ್ಟಾ ಬಾಡಿಗೆದಾರ. ಇಂಥ ಮಾತು ಬಂದರೆ ನನ್ನ ಮನಸ್ಸು ತಾನಾಗಿ ಮೀಟರ್ ಬಾಕ್ಸಿನ ಕಡೆಗೇ ವಾಲುತ್ತದೆ. ಸುಮ್ನೆ ಕೂತೆ.

ವಕೀಲ ಕನ್ನಡಕ ತೆಗೆದು ಒರೆಸಿಕೊಂಡ. ಅಂದರೆ ಫೀಸಿಲ್ಲದ ಸಲಹೆ ಬರುತ್ತಿದೆ ಎಂದರ್ಥ.

"ಕೀ ತೆಗೆದುಕೊಂಡೆಯಾ?"

"ಇನ್ನೇನು, ಹಲ್ಲಿಗೆ ಕೊಡಲಾ?"

"ಅವನ ಮೆಸೇಜಿಗೆ ಏನು ಉತ್ತರ ಬರೆದೆ?"

"ಓಕೆ ಅಂತ ಹಾಕಿದೆ."

ವಕೀಲ ಹಣೆ ಚಚ್ಚಿಕೊಂಡ. "ಅವನು ಮನೆ ಒಪ್ಪಿಸಿದ, ನೀನು ಒಪ್ಪಿಕೊಂಡೆ, ಕರಾರು ಅವತ್ತಿಗೇ ಮುಗಿಯಿತು ಅಂತ ನಾಳೆ ಅವನ ಕಡೆಯವರು ವಾದ ಮಾಡುತ್ತಾರೆ. ಕೋರ್ಟು ಅದನ್ನು ಒಪ್ಪಿದರೆ ಅವತ್ತಿನವರೆಗಿನ ಬಾಕಿ ಮಾತ್ರ ನಿನ್ನದು. 'ಕೀ ಸಿಕ್ಕಿದೆ, ಆದರೆ ಕರಾರಿನ ಪ್ರಕಾರ ಬರಬೇಕಾದ್ದನ್ನು ಬಿಟ್ಟುಕೊಟ್ಟಿಲ್ಲ' ಅಂತ ಬರೆಯಲು ಏನಾಗಿತ್ತು?"

"ಓ, ಕೆ. ಎರಡೇ ಅಕ್ಷರಕ್ಕೆ 17 ತಿಂಗಳು" ಎಂದು ಮೇಷ್ಟ್ರು ಲೆಕ್ಕ ಹಾಕಿದರು.

"ಆಗಲಿ" ಎಂದ ಓನರ್. "ಮನೆಗೆ ಬೀಗ ಜಡಿದು ಕೂರುತ್ತೇನೆ. ಧೂಳು ಹಿಡಿಯಲಿ. ಪೂರ್ತಿ ಬಾಡಿಗೆಗೆ ಕೇಸು ಹಾಕುತ್ತೇನೆ."

"ಅದನ್ನೂ ಒಬ್ಬ ಮಾಡಿ ನೋಡಿದ್ದಾನೆ" ಎಂದ ವಕೀಲ. "ಅಮೆರಿಕದ ನ್ಯೂಜೆರ್ಸಿಯಲ್ಲಿ. ಒಬ್ಬ ವಿದ್ಯಾರ್ಥಿ ಮದುವೆ ನಿಶ್ಚಯವಾಯಿತೆಂದು 1972ರ ಮೇ ತಿಂಗಳಿಂದ ಎರಡು ವರ್ಷಕ್ಕೆ ಮನೆ ಹಿಡಿದ. ಕಾಲಿಡುವ ಮೊದಲೇ ಮದುವೆ ಮುರಿದುಬಿತ್ತು. 'ನನ್ನ ಹತ್ತಿರ ಹಣವಿಲ್ಲ, ಕರಾರಿನಿಂದ ಬಿಡಿಸಿ' ಅಂತ ಪಾಪ ಕಾಗದ ಬರೆದ. ಓನರ್ ಉತ್ತರವನ್ನೇ ಕೊಡಲಿಲ್ಲ."

"ಭೇಷ್!" ಎಂದ ನಮ್ಮ ಓನರ್.

"ಕೇಳು. ಅದೇ ಮನೆ ಬೇಕು ಅಂತ ಇನ್ನೊಬ್ಬರು ಹುಡುಕಿಕೊಂಡು ಬಂದರು. ಬಾಡಿಗೆಗೆ ಹೋಗಿದೆ ಅಂತ ಹೇಳಿ ಕಳಿಸಿದರು. ಮನೆ ವರ್ಷಕ್ಕಿಂತ ಜಾಸ್ತಿ ಖಾಲಿ ಬಿತ್ತು. ಆಮೇಲೆ ಆ ಖಾಲಿ ತಿಂಗಳುಗಳಿಗೆಲ್ಲ ಹುಡುಗನ ಮೇಲೆ ಕೇಸು. 1977ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದೇನು ಗೊತ್ತಾ? ಬಿಟ್ಟುಹೋದ ಮನೆಗೆ ಬೇರೆಯವರನ್ನು ಹುಡುಕಲು ಓನರೂ ಒಂದಿಷ್ಟು ಪ್ರಯತ್ನ ಮಾಡಬೇಕು. ಮಾಡಿದ್ದನ್ನು ಅವನೇ ತೋರಿಸಬೇಕು. ಹುಡುಗ ಗೆದ್ದ. ಮೊದಲು ಹಾಗಿರಲಿಲ್ಲ. ಓನರ್ ಕಾಲ ಮೇಲೆ ಕಾಲು ಹಾಕಿ ಕೂರಬಹುದಿತ್ತು. ನ್ಯೂಯಾರ್ಕಿನಲ್ಲಂತೂ ವಾಸದ ಮನೆಗಳಿಗೆ ಈ ಕಾನೂನು ಬಂದಿದ್ದು 2019ರಲ್ಲಿ."

ಓನರ್ ಮುಖ ಸಣ್ಣದಾಯಿತು. "ಹೋದ ವಾರ ಒಬ್ಬರು ಫೋನ್ ಮಾಡಿದ್ದರು, ಮನೆ ಇದೆಯಾ ಅಂತ."

"ಏನಂದೆ?"

"ಸಿಟ್ಟಿನಲ್ಲಿದ್ದೆ. ಬಾಡಿಗೆಗೆ ಹೋಗಿದೆ ಅಂದೆ. ಇನ್ನೊಂದು ಸಲ ಮಾಡಿದರು, ಬ್ಲಾಕ್ ಮಾಡಿದೆ."

ವಕೀಲ ಮತ್ತೆ ಕನ್ನಡಕ ಒರೆಸಿದ. ಈ ಸಲ ಒರೆಸಲು ಏನೂ ಇರಲಿಲ್ಲ.

"ಹೋಗಲಿ, ನನ್ನ ಕರಾರಿನಲ್ಲಿ ದಂಡ ಇದೆ" ಎಂದು ಓನರ್ ಎದೆಯುಬ್ಬಿಸಿದ. "ಮಧ್ಯದಲ್ಲಿ ಬಿಟ್ಟರೆ 12 ತಿಂಗಳ ಬಾಡಿಗೆ. ನಾನೇ ಬರೆಸಿದ್ದು."

"24 ಅಂತ ಬರೆಸಬಹುದಿತ್ತು, ಕಾಗದ ನಿನ್ನದೇ ತಾನೆ" ಎಂದ ವಕೀಲ. "ಭಾರತದ 1872ರ ಕರಾರು ಕಾಯಿದೆಯ 74ನೇ ಸೆಕ್ಷನ್ ಪ್ರಕಾರ ನೀನು ಬರೆಸಿದ ಮೊತ್ತ ಮೇಲಿನ ಮಿತಿ ಅಷ್ಟೆ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು. ಮನೆ ಖಾಲಿ ಇದ್ದ ತಿಂಗಳು, ಹೊಸಬರನ್ನು ಹುಡುಕಿದ ಖರ್ಚು, ಹೊಸ ಬಾಡಿಗೆ ಕಮ್ಮಿಯಾದರೆ ಆ ವ್ಯತ್ಯಾಸ, ಇದನ್ನೆಲ್ಲ ಕೇಳು. ನಷ್ಟಕ್ಕೆ ರಸೀತಿ ಇರುತ್ತದೆ. ನಿನ್ನ ಸಿಟ್ಟಿಗೆ ರಸೀತಿ ಎಲ್ಲಿಂದ ತರುತ್ತೀಯಾ?"

"ಹಾಗಾದರೆ ಡೆಪಾಸಿಟ್ ಪೂರ್ತಿ ಮುರಿದುಕೊಳ್ಳುತ್ತೇನೆ. ಗೋಡೆ ಬಣ್ಣ ಮಾಸಿದೆ."

ಇಲ್ಲಿ ನನಗೆ ತಡೆಯಲಾಗಲಿಲ್ಲ. "ಮನುಷ್ಯ ವಾಸ ಮಾಡಿದರೆ ಬಣ್ಣ ಮಾಸುತ್ತದೆ ಕಣಪ್ಪಾ. ಬಾಡಿಗೆ ಕಟ್ಟಿ ಕಟ್ಟಿ ನಾನೇ ಮಾಸಿದ್ದೇನೆ. ನನಗೆ ಯಾರು ಸುಣ್ಣ ಹೊಡೆಸುತ್ತಾರೆ?"

ವಕೀಲ ನನ್ನ ಪರ ತಲೆಯಾಡಿಸಿದ. ಬಾಕಿ, ಬಿಲ್ಲು, ನಿಜವಾಗಿ ಒಡೆದುಹೋದ ವಸ್ತು, ಇವಕ್ಕೆ ಡೆಪಾಸಿಟ್ಟಿನಲ್ಲಿ ಮುರಿಯಬಹುದು. ಫೋಟೋ ತೆಗೆದಿಟ್ಟು, ಲೆಕ್ಕ ಬರೆದು ಕಳಿಸಿ, ಉಳಿದದ್ದನ್ನು ವಾಪಸ್ ಕೊಡಬೇಕು. ಬಾಡಿಗೆಯವನು ಬಿಟ್ಟುಹೋದ ಮಂಚದ ಕಥೆಯೂ ಹಾಗೇ. ತೆಗೆದುಕೊಂಡು ಹೋಗು ಅಂತ ಬರಹದಲ್ಲಿ ತಿಳಿಸಬೇಕು, ಸಮಯ ಕೊಡಬೇಕು. ಓನರ್ ಆಗಲೇ ಆ ಮಂಚದ ಮೇಲೆ ಎರಡು ಮಧ್ಯಾಹ್ನ ನಿದ್ದೆ ಹೊಡೆದಿದ್ದನಂತೆ. ಅದು ಯಾವ ಸೆಕ್ಷನ್ನಿಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ.

"ಬಾಡಿಗೆ ಕೊಡದೆ ಒಳಗೇ ಕೂತಿದ್ದರೆ ಚೆನ್ನಾಗಿತ್ತು" ಎಂದು ಓನರ್ ಹಲ್ಲು ಕಡಿದ. "ರಾತ್ರೋರಾತ್ರಿ ಬೀಗ ಬದಲಿಸುತ್ತಿದ್ದೆ."

"ಆಗ ಅವನ ಬದಲು ನೀನು ಕೋರ್ಟಿನಲ್ಲಿ ಕೈಕಟ್ಟಿ ನಿಲ್ಲುತ್ತಿದ್ದೆ. ಇಂಗ್ಲೆಂಡಿನಲ್ಲಿ ಅದು ಅಪರಾಧ. 1977ರ ಕಾಯಿದೆ ಇದೆ."

"ಮತ್ತೆ 1977? ಓನರುಗಳಿಗೆ ಶನಿಕಾಟದ ವರ್ಷವಾ ಅದು?"

"ಭಾರತದಲ್ಲಿ 1963ರದ್ದು. ನಿರ್ದಿಷ್ಟ ಪರಿಹಾರ ಕಾಯಿದೆ, 6ನೇ ಸೆಕ್ಷನ್. ಕಾನೂನು ಬಿಟ್ಟು ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಮನೆ ಯಾರದ್ದು ಅನ್ನುವ ಪ್ರಶ್ನೆಯೇ ಅಲ್ಲಿ ಅಡ್ಡ ಬರುವುದಿಲ್ಲ. ಅದಕ್ಕೇ ಮೊದಲು ನೋಟಿಸು, ಆಮೇಲೆ ಮಾತುಕತೆ, ಆಗದಿದ್ದರೆ ಕೋರ್ಟು. ಬಾಡಿಗೆ ಬಾಕಿಗೆ ಮೂರು ವರ್ಷ ಅವಕಾಶವಿದೆ. ಆದರೆ ಎರಡು ತಿಂಗಳ ಬಾಡಿಗೆಗೆ ಒಪ್ಪಿಸಿ ಕೈಮುಗಿದರೆ ನನ್ನಂಥವರ ಫೀಸು ಉಳಿಯುತ್ತದೆ. ಗೆಳೆಯ ಅಂತ ಹೇಳುತ್ತಿದ್ದೇನೆ."

ಇಷ್ಟು ಹೊತ್ತು ಗಡ್ಡ ಕೆರೆಯುತ್ತಿದ್ದ ಮೇಷ್ಟ್ರು ಮೆಲ್ಲಗೆ ಕೇಳಿದರು. "ಅಲ್ಲಯ್ಯಾ, ಅವನು ಹೋಗಿದ್ದಾದರೂ ಯಾಕೆ?"

ಓನರ್ ಕಿಟಕಿಯ ಕಡೆ ನೋಡಿದ. "ಬಚ್ಚಲ ಗೋಡೆಯಲ್ಲಿ ನೀರು ಸೋರುತ್ತದೆ ಅಂತ ಮೂರು ಸಲ ಮೆಸೇಜ್ ಹಾಕಿದ್ದ."

"ನೀನೇನು ಬರೆದೆ?"

"ಓಕೆ ಅಂತ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ರಿಪೇರಿ ಓನರಿನ ಪಾಲಿನದಾಗಿದ್ದರೆ ಮೊದಲು ಕರಾರು ಮುರಿದವರು ಯಾರು ಎಂಬ ಪ್ರಶ್ನೆ ಬರುತ್ತದೆ ಎಂದು ವಕೀಲ ಗೊಣಗಿದ. ನಾನು ಬಹಳ ಕಷ್ಟಪಟ್ಟು ನಗು ತಡೆದೆ.

"ಆ ಬ್ಲಾಕ್ ಮಾಡಿದ ನಂಬರ್ ತೆಗಿ, ಈಗಲೇ ಫೋನ್ ಮಾಡು" ಎಂದರು ಮೇಷ್ಟ್ರು.

ಓನರ್ ಮಾಡಿದ. ದನಿ ಪೂರಾ ಬದಲಾಗಿತ್ತು. "ನಮಸ್ಕಾರ ಸಾರ್. ಮನೆ ಖಾಲಿಯಾಗಿದೆ ಸಾರ್. ಹಾಂ, ಎರಡು ವರ್ಷಕ್ಕೆ ಕರಾರು." ಆ ಕಡೆಯವರು ಏನೋ ಕೇಳಿದರು. ಓನರ್ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ವಕೀಲನ ಕಡೆ ತಿರುಗಿದ.

"ಮಧ್ಯದಲ್ಲಿ ಬಿಡಬೇಕಾಗಿ ಬಂದರೆ ಏನು ಮಾಡಬೇಕು ಅಂತ ಕೇಳುತ್ತಿದ್ದಾರೆ ಕಣೋ. ಏನು ಹೇಳಲಿ?"