ಕಲ್ಲುಹೂವಿನ ಶಿಲೀಂಧ್ರವು ತನಗೊಗ್ಗುವ ಪಾಚಿಯನ್ನು ಗುರುತಿಸುವುದು ಹೇಗೆ?

ಪ್ರಶ್ನೆ (ಕಾಫಿ ಬೆಳೆಗಾರ, ವಿರಾಜಪೇಟೆ ಕಡೆ):
ನಮ್ಮ ತೋಟದ ಹಲಸು, ಸಿಲ್ವರ್ ಓಕ್ ಮರಗಳ ತೊಗಟೆಯ ಮೇಲೆ ಕಲ್ಲುಹೂವು ದಟ್ಟವಾಗಿ ಹಬ್ಬಿದೆ. ಮಳೆ ಬಿದ್ದ ಮರುದಿನ ಬೂದು ಬಣ್ಣದ ಒಂದು ಎಸಳನ್ನು ಉಗುರಿನಿಂದ ಕೆರೆದಾಗ ತೆಳು ಪೊರೆಯಡಿ ಹಸಿರು ಪದರವೂ ಅದರ ಕೆಳಗೆ ಬಿಳಿ ಹತ್ತಿಯಂಥ ಎಳೆಗಳೂ ಕಂಡವು. ಹಸಿರು ಪಾಚಿಯದು, ಬಿಳಿ ಶಿಲೀಂಧ್ರದ್ದು ಎಂಬುದು ತಿಳಿದಿದೆ. ಆದರೆ ಶಿಲೀಂಧ್ರದ ಬೀಜಕಣ ಒಂಟಿಯಾಗಿ ಗಾಳಿಯಲ್ಲಿ ಬಂದು ಬೀಳುತ್ತದೆಯಷ್ಟೆ. ತೊಗಟೆಯ ಮೇಲಿನ ಬಗೆಬಗೆಯ ಪಾಚಿಗಳ ನಡುವೆ ತನಗೆ ಬೇಕಾದುದನ್ನು ಅದು ಹೇಗೆ ಆರಿಸಿಕೊಳ್ಳುತ್ತದೆ?

ಉತ್ತರ 1 (ಸಸ್ಯಶಾಸ್ತ್ರ ಬೋಧಕ, ಮಡಿಕೇರಿ):
ಕಲ್ಲುಹೂವು ಎರಡು ಜೀವಿಗಳ ಕೂಟವೆಂದು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1867ರಲ್ಲೇ ಹೇಳಿದ್ದರೂ, ಅವು ಒಂದನ್ನೊಂದು ಗುರುತಿಸುವ ಬಗೆ ಬಹುಕಾಲ ಒಗಟಾಗಿಯೇ ಉಳಿದಿತ್ತು. ಈ ಗುರುತಿಸುವಿಕೆ ಒಂದೇ ಏಟಿಗೆ ಮುಗಿಯುವುದಿಲ್ಲ, ಹಂತ ಹಂತವಾಗಿ ನಡೆಯುವ ಸೋಸುವಿಕೆ ಅದು. ಮೊದಲ ಹಂತದಲ್ಲಂತೂ ಶಿಲೀಂಧ್ರಕ್ಕೆ ಹೆಚ್ಚಿನ ವಿವೇಚನೆಯೇ ಇಲ್ಲ: ಪ್ರಯೋಗಾಲಯದಲ್ಲಿ ಕ್ಲಾಡೋನಿಯಾ ಎಂಬ ಕಲ್ಲುಹೂವಿನ ಶಿಲೀಂಧ್ರಕ್ಕೆ ಪಾಚಿಯ ಗಾತ್ರದ ಗಾಜಿನ ಮಣಿಗಳನ್ನು ಕೊಟ್ಟಾಗ ಅದು ಅವುಗಳನ್ನೂ ಸುತ್ತುವರಿದಿತ್ತು. ಒಗ್ಗದ ಪಾಚಿ ಸಿಕ್ಕಿದರೆ ಮುಂದಿನ ಹಂತಗಳಲ್ಲಿ ಅದನ್ನು ಕೊಂದುಹಾಕುವುದೂ ಉಂಟು. ಒಗ್ಗಿದರೆ ಮಾತ್ರ ಎಳೆಗಳು ಒತ್ತಾಗಿ ಕವಲೊಡೆದು, ಪದರಗಳು ಏರ್ಪಟ್ಟು, ಕಲ್ಲುಹೂವಿನ ರೂಪ ಮೂಡುತ್ತದೆ.

ಪಾಚಿಯ ಕೋಶಭಿತ್ತಿಯ ಮೇಲಿನ ಸಕ್ಕರೆಗಳಿಗೆ ಅಂಟಿಕೊಳ್ಳುವ ಲೆಕ್ಟಿನ್ ಎಂಬ ಪ್ರೋಟೀನುಗಳನ್ನು ಕೆಲವು ಶಿಲೀಂಧ್ರಗಳು ಸ್ರವಿಸುತ್ತವೆ. ಎವರ್ನಿಯಾ ಪ್ರುನಾಸ್ಟ್ರಿ ಎಂಬ ಯುರೋಪಿನ ಜಾತಿಯಲ್ಲಿ ಆ ಕೆಲಸವನ್ನು ಆರ್ಜಿನೇಸ್ ಎಂಬ ಕಿಣ್ವವೇ ಮಾಡುತ್ತದೆ. ಪಾಚಿಯ ಭಿತ್ತಿಯಲ್ಲಿ ಸಕ್ಕರೆ ಹೊತ್ತ ಯೂರಿಯೇಸ್ ಎಂಬ ಕಿಣ್ವವೇ ಅದಕ್ಕೆ ಗ್ರಾಹಕ, ಎಂದರೆ ಅದು ಅಂಟಿಕೊಳ್ಳುವ ತಾಣ. ನಂಟು ಕುದುರಿದ ಮೇಲೆ ಟ್ರೆಬೌಕ್ಸಿಯದಂಥ ಹಸಿರು ಪಾಚಿ ರಿಬಿಟಾಲ್ ಎಂಬ ಸಕ್ಕರೆಯಂಥ ವಸ್ತುವನ್ನೂ, ನಾಸ್ಟಾಕ್‌ನಂಥ ನೀಲಿಹಸಿರು ಪಾಚಿ ಗ್ಲೂಕೋಸನ್ನೂ ಶಿಲೀಂಧ್ರಕ್ಕೆ ಒದಗಿಸುತ್ತವೆ.

ಉತ್ತರ 2 (ಹವ್ಯಾಸಿ, ಸೋಮವಾರಪೇಟೆ):
ಎಲ್ಲ ಕಲ್ಲುಹೂವುಗಳೂ ಹೀಗೆ ಹುಡುಕಾಡಬೇಕಿಲ್ಲ. ಹಲವು ಜಾತಿಗಳ ಅಂಚಿನಲ್ಲಿ ಹಿಟ್ಟಿನಂಥ ಪುಡಿ ಇರುತ್ತದೆ. ಸೊರೀಡಿಯಾ ಎನ್ನುವ ಆ ಕಣಗಳಲ್ಲಿ ಎಳೆ ಮತ್ತು ಪಾಚಿ ಬುತ್ತಿ ಕಟ್ಟಿಕೊಂಡಂತೆ ಒಟ್ಟಿಗೇ ಪಯಣಿಸುತ್ತವೆ. ಸ್ಯಾಂಥೋರಿಯ ಪ್ಯಾರಿಯೆಟಿನ ಎಂಬ ಕಲ್ಲುಹೂವಿನ ಎಳೆಯ ಶಿಲೀಂಧ್ರವಂತೂ ಬೇರೊಂದು ಕಲ್ಲುಹೂವಿನ ಪುಡಿಯಿಂದಲೇ ಪಾಚಿಯನ್ನು ಕದಿಯಬಲ್ಲದು. ಕಳ್ಳತನಕ್ಕೂ ಗುರುತು ಬೇಕು ನೋಡಿ.

ಪ್ರಶ್ನಿಸಿದವರು:
ಇಂದು ಹೊಳೆದಂಡೆಯ ಮರದ ಮೇಲೆ ಬರೆಹದ ಗೆರೆಗಳಂತಿದ್ದ ತೆಳು ಪದರವನ್ನು ಕೆರೆದೆ. ಹಸಿರಿಗೆ ಬದಲು ಕಿತ್ತಳೆ ಛಾಯೆಯ ಹಳದಿ ಬಂತು. ಇದರಲ್ಲಿ ಪಾಚಿ ಸತ್ತಿದೆಯೇ?

ಉತ್ತರ 1:
ಸತ್ತಿಲ್ಲ. ಅದು ಬಹುಶಃ ಟ್ರೆಂಟೆಪೋಲಿಯಾ; ವರ್ಗದಲ್ಲಿ ಹಸಿರು ಪಾಚಿಯೇ ಆದರೂ ಕೋಶದ ತುಂಬ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ವಸ್ತು ಇರುವುದರಿಂದ ಕಿತ್ತಳೆಯಾಗಿ ಕಾಣುತ್ತದೆ. ಗೆರೆಗೆರೆಯಾಗಿ ಬೆಳೆಯುವ ಗ್ರಾಫಿಸ್ ಬಳಗಕ್ಕೆ ಇದೇ ಸಂಗಾತಿ. ಮಳೆಗಾಲದಲ್ಲಿ ನಮ್ಮ ಬರೆಗಳ (ಕಡಿದಾದ ಮಣ್ಣಿನ ದಿಬ್ಬಗಳ) ಮೇಲೂ ತೊಗಟೆಯ ಮೇಲೂ ಕಾಣುವ ಕಿತ್ತಳೆ ಮಖಮಲ್ಲು ಇದೇ ಪಾಚಿ ಸ್ವತಂತ್ರವಾಗಿ ಬೆಳೆದದ್ದಿರಬಹುದು. ನಿಮ್ಮ ಬೂದು ಎಸಳಿನಲ್ಲಿ ಬಹುಶಃ ಇರುವ ಟ್ರೆಬೌಕ್ಸಿಯವಾದರೋ ಕಲ್ಲುಹೂವಿನ ಹೊರಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಗೆರೆಗಳ ಕಲ್ಲುಹೂವಿನ ಬೀಜಕಣಕ್ಕೆ ಸಂಗಾತಿ ಹತ್ತಿರದಲ್ಲೇ ಸಿಕ್ಕಿತೆಂದು ಊಹಿಸಬಹುದು; ಬೂದು ಎಸಳಿನದರ ಹುಡುಕಾಟ ಅದಕ್ಕಿಂತ ಕಷ್ಟದ್ದು. ಎರಡೂ ಒಂದೇ ಮರದಲ್ಲಿದ್ದರೆ ತುಣುಕುಗಳನ್ನು ಹತ್ತು ಪಟ್ಟಿನ ಮಸೂರದಡಿ ಅಕ್ಕಪಕ್ಕ ಇಟ್ಟು ನೋಡಿ.