ಅಪ್‌ಡೇಟ್: ಸಡಿಲ ಕೀಲು, ರಾತ್ರಿ ನೋವು, ಈಗ ಮಲಗುವ ರೀತಿ

ನನ್ನ ಕೀಲುಗಳು ಅತಿಯಾಗಿ ಬಾಗುತ್ತವೆ, ಯಾವ ಮಗ್ಗುಲಿಗೆ ಮಲಗಿದರೂ ಭುಜ, ಸೊಂಟ ನೋಯುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ನಿದ್ದೆಯಲ್ಲಿ ಸ್ನಾಯುಗಳ ಬಿಗಿ ಹೋಗುತ್ತೆ, ಆಗ ನಮ್ಮಂಥವರ ಕೀಲು ಪೂರ್ತಿ ಬಾಗಿ ಗಂಟೆಗಟ್ಟಲೆ ಹಾಗೇ ಉಳಿಯುತ್ತೆ ಅಂದರು. ಎಲ್ಲೂ ಜೋತುಬೀಳದ ಹಾಗೆ ಆಸರೆ ಕೊಡಬೇಕು, ಅಷ್ಟೇ.

ಈಗ ಎಡ ಮಗ್ಗುಲಿಗೆ ಮಲಗುತ್ತೇನೆ. ಕಾಲುಗಳ ನಡುವೆ ಮಂಡಿಯಿಂದ ಹಿಮ್ಮಡಿವರೆಗೆ ಉದ್ದನೆಯ ದಿಂಬು. ಬರೀ ಮಂಡಿಗೆ ಇಟ್ಟರೆ ಪಾದ ಕೆಳಗಿಳಿದು ಸೊಂಟ ತಿರುಚುತ್ತೆ. ಎದೆಗೆ ಇನ್ನೊಂದು ದಿಂಬು ಅಪ್ಪಿಕೊಂಡು, ಮೇಲಿನ ತೋಳನ್ನು ಬೆರಳ ತುದಿವರೆಗೂ ಅದರ ಮೇಲೆ ಚಾಚುತ್ತೇನೆ. ಭುಜ ಮುಂದಕ್ಕೆ ಜಾರೋದು ಕಡಿಮೆಯಾಗಿದ್ದು ಇದರಿಂದಲೇ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದೂ ಇದೇ! ಸೊಂಟಕ್ಕೂ ಹಾಸಿಗೆಗೂ ನಡುವಿನ ಸಂದಿಗೆ ಅಮ್ಮನ ಹಳೇ ಹತ್ತಿ ಸೀರೆ ಮಡಚಿ ಇಡುತ್ತೇನೆ. ಒಂದು ಮಡಿಕೆ ಜಾಸ್ತಿಯಾದರೂ ಪಕ್ಕೆಗೆ ಒತ್ತುತ್ತೆ, ನೋಡಿಕೊಂಡು ಇಡಿ.

ಬೋರಲು ಮಲಗೋದು ಪೂರ್ತಿ ಬಿಟ್ಟೆ. ಕತ್ತು ರಾತ್ರಿಯಿಡೀ ಒಂದೇ ಕಡೆ ತಿರುಗಿರುತ್ತೆ, ಅಲ್ವಾ?

ನೋವು ಹೋಗಿಲ್ಲ. ಆದರೆ ಮಧ್ಯರಾತ್ರಿ ಏಳೋದು ತುಂಬಾ ಕಡಿಮೆಯಾಗಿದೆ. ಮಣಿಕಟ್ಟು ಮಾತ್ರ ಇನ್ನೂ ಗಲ್ಲದ ಕೆಳಗೆ ಮಡಚಿಕೊಳ್ಳುತ್ತೆ. ಅದಕ್ಕೆ ರಾತ್ರಿ ಹಾಕೋ ಮೆತ್ತನೆಯ ಸ್ಪ್ಲಿಂಟ್ (ಮಣಿಕಟ್ಟು ಮಡಚದ ಹಾಗೆ ಹಿಡಿಯೋ ಪಟ್ಟಿ) ಕೊಟ್ಟಿದ್ದಾರೆ. ಯಾರಾದರೂ ಬಳಸಿದ್ದರೆ ಹೇಳಿ.